ಆ ಕೆಂಪು ಬಾವುಟ ಯಾರದು?

ಸೈಲೆಂಟ್ ಹಂಟರ್ 3 ಎಂದರೆ ಎರಡನೇ ಮಹಾಯುದ್ಧದ ಜರ್ಮನ್ ಜಲಾಂತರ್ಗಾಮಿ ನಡೆಸುವ ಕಂಪ್ಯೂಟರ್ ಆಟ. ಅದರ ಬಗ್ಗೆ ಹುಬ್ಬಳ್ಳಿಯ ಓದುಗರೊಬ್ಬರು ಬರೆಯುತ್ತಾರೆ: "ಸೈಲೆಂಟ್ ಹಂಟರ್ 3 ಆಡ್ತಾ ಇದ್ದೆ. ಆಟದಲ್ಲಿ 1940ರ ಆರಂಭ. ರಾತ್ರಿ ಒಂಟಿ ಹಡಗೊಂದು ಬ್ರಿಟನ್ ಕಡೆ ಹೊರಟಿತ್ತು. ಎರಡು ಟಾರ್ಪಿಡೊ ಬಿಟ್ಟೆ, ಮುಳುಗಿತು. ನೋಡಿದರೆ ಅಂಕ ಕಡಿತ! ತಟಸ್ಥ ದೇಶದ ಹಡಗಂತೆ. ಶತ್ರುವಿಗೆ ಸರಕು ಒಯ್ಯುವವನು ಶತ್ರುವೇ ಅಲ್ವಾ? ಕತ್ತಲಲ್ಲಿ ಗುರುತು ಹಿಡಿಯೋದು ಹೇಗೆ? ಹೋದ ಅಂಕ ವಾಪಸ್ ಬರುತ್ತಾ?"

ನಿಮ್ಮ ಹೊಟ್ಟೆಯುರಿ ಅರ್ಥವಾಗುತ್ತದೆ. ನಾನೂ ಇದೇ ಗುಂಡಿಗೆ ಬಿದ್ದವನು. ಆಟದಲ್ಲಿ 1940ರ ಮಾರ್ಚ್, ಸ್ಕಾಟ್ಲೆಂಡಿನ ಉತ್ತರಕ್ಕೆ, ಬೆಳಗಿನ ಜಾವ. ಪೆರಿಸ್ಕೋಪ್‌ನಲ್ಲಿ ಕೆಂಪು ಬಾವುಟ ಕಂಡಿತು. ಬ್ರಿಟನ್ನಿನ ವ್ಯಾಪಾರಿ ಹಡಗುಗಳ ಬಾವುಟ ಕೆಂಪು ತಾನೇ ಅಂತ ಸುಮ್ನೆ ಟಾರ್ಪಿಡೊ ಬಿಟ್ಟುಬಿಟ್ಟೆ. ಹಡಗು ವಾಲಿದ ಮೇಲೆ ಬಾವುಟ ಸರಿಯಾಗಿ ಕಂಡಿತು. ಕೆಂಪಿನ ಮೇಲೆ ಬಿಳಿ ಅಂಚಿನ ನೀಲಿ ಶಿಲುಬೆ. ನಾರ್ವೆ! ಜರ್ಮನಿ ನಾರ್ವೆಯ ಮೇಲೆ ಬಿದ್ದದ್ದು ಏಪ್ರಿಲ್ 9ಕ್ಕೆ. ಒಂದು ತಿಂಗಳು ತಡೆದಿದ್ದರೆ ಕತೆಯೇ ಬೇರೆ.

ಹಾಗಾಗಿ ಮೊದಲು ಕ್ಯಾಲೆಂಡರ್ ನೋಡಿ. ಗ್ರೀಸ್ 1940ರ ಅಕ್ಟೋಬರ್‌ವರೆಗೆ ತಟಸ್ಥ, ಅಮೆರಿಕ 1941ರ ಡಿಸೆಂಬರ್‌ವರೆಗೆ. ಆಮೇಲೆ ಬಾವುಟ. ನಕ್ಷೆಯಲ್ಲಿ ಹಡಗುಗಳ ಗುರುತು ಕಾಣುವ ಆಯ್ಕೆ ಇಟ್ಟುಕೊಂಡಿದ್ದರೆ ತಟಸ್ಥ ಅಂತ ಹಸಿರು ಬಣ್ಣವೇ ಹೇಳಿಬಿಡುತ್ತದೆ. ನೀವು ಅದನ್ನು ತೆಗೆದು ಆಡುವವರು ಅಂತ ಕಾಣುತ್ತದೆ, ಶಹಬ್ಬಾಸ್. ಆದರೆ ಆಗ ನಿಮ್ಮ ಅಧಿಕಾರಿ 'ಸಣ್ಣ ಸರಕು ಹಡಗು' ಎಂದ ತಕ್ಷಣ ಗುಂಡಿ ಒತ್ತಬೇಡಿ. ಅದು ಹಡಗಿನ ಜಾತಿ ಅಷ್ಟೇ, ಊರಲ್ಲ. ಒಂದೇ ಮಾದರಿಯ ಹಡಗನ್ನು ಹತ್ತು ದೇಶದವರು ಓಡಿಸುತ್ತಾರೆ. ಹಡಗು ಎದುರಿನಿಂದ ಬರುವಾಗ ಬಾವುಟ ಅದರ ಮೈ ಹಿಂದೆ ಮರೆಯಾಗಿರುತ್ತದೆ. ದಾರಿಯ ಪಕ್ಕದಲ್ಲಿ, ನೀರಿನಡಿ, ಮೆಲ್ಲಗೆ ಕಾಯಿರಿ. ಸಾವಿರ ಮೀಟರ್ ಹತ್ತಿರ ಬಂದು ಪಕ್ಕ ತೋರಿಸಿದಾಗ ಪೆರಿಸ್ಕೋಪ್ ಜೂಮ್ ಮಾಡಿ ಹಿಂಭಾಗ ನೋಡಿ. ಕಾಣಲಿಲ್ಲವೇ? ಬಿಡಿ, ಹೋಗಲಿ.

ನಿಜವಾದ ಯುದ್ಧದಲ್ಲಿ ತಟಸ್ಥರು ಹಡಗಿನ ಪಕ್ಕಕ್ಕೇ ದೊಡ್ಡ ಬಾವುಟ ಬಳಿದು, ರಾತ್ರಿ ದೀಪ ಹಾಕುತ್ತಿದ್ದರು. ಅಷ್ಟಾದರೂ ಎಡವಟ್ಟು ತಪ್ಪಲಿಲ್ಲ. 1942ರ ಮೇ ತಿಂಗಳಲ್ಲಿ ಫ್ಲೋರಿಡಾ ತೀರದ ಹತ್ತಿರ ಮೆಕ್ಸಿಕೊದ ಪೊತ್ರೆರೊ ದೆಲ್ ಯಾನೊ ಎಂಬ ತೈಲ ಹಡಗನ್ನು ಜರ್ಮನ್ ಜಲಾಂತರ್ಗಾಮಿ ಯು-564 ಮುಳುಗಿಸಿತು. ಬಾವುಟದ ಮೇಲೆ ಬೆಳಕು ಬಿದ್ದೇ ಇತ್ತು. ಮೆಕ್ಸಿಕೊದ ಬಾವುಟವೂ ಇಟಲಿಯದೂ ಹಸಿರು, ಬಿಳಿ, ಕೆಂಪೇ. ನಡುವಿನ ಚಿತ್ರ ಮಾತ್ರ ಬೇರೆ. ಇಟಲಿಯ ಹಡಗು ಇಲ್ಲಿರಲು ಸಾಧ್ಯವೇ ಇಲ್ಲ, ಇದೇನೋ ಮೋಸ ಅಂದುಕೊಂಡರಂತೆ. ಇನ್ನೊಂದು ಹಡಗೂ ಹೋದ ಮೇಲೆ ಮೆಕ್ಸಿಕೊ ಯುದ್ಧಕ್ಕೆ ಇಳಿಯಿತು. ಹಡಗು ಮುಳುಗಿಸಿ ಹೊಸ ಶತ್ರುವನ್ನು ಗಳಿಸುವುದು ಎಂದರೆ ಇದೇ. ಅಂಕ ಕಡಿತ ಅದರ ಮುಂದೆ ಏನೂ ಅಲ್ಲ ಬಿಡಿ.

ಸರಕಿನ ಮಾತು. ನಿಮ್ಮ ತಕರಾರು ಸುಳ್ಳಲ್ಲ. ಆಗಿನ ನಿಯಮದಲ್ಲಿ ತಟಸ್ಥ ಹಡಗನ್ನು ತಡೆದು, ಕಾಗದಪತ್ರ ನೋಡಿ, ಯುದ್ಧದ ಸರಕು ಸಿಕ್ಕರೆ ವಶಪಡಿಸಿಕೊಳ್ಳಬಹುದಿತ್ತು. ಮುಳುಗಿಸುವ ಮುನ್ನ ಜನರನ್ನು ಸುರಕ್ಷಿತ ಜಾಗಕ್ಕೆ ಸೇರಿಸಬೇಕಿತ್ತು. 1941ರ ಮೇ 21ರಂದು ಅಮೆರಿಕದ ರಾಬಿನ್ ಮೂರ್ ಹಡಗನ್ನು ಯು-69 ಹಾಗೇ ನಿಲ್ಲಿಸಿ, ಎಲ್ಲರೂ ದೋಣಿಗೆ ಇಳಿದ ಮೇಲೆ ಮುಳುಗಿಸಿತು. ಆದರೆ ನಡುಸಮುದ್ರದ ದೋಣಿ ಸುರಕ್ಷಿತ ಜಾಗವೇ? ಎಲ್ಲರೂ ಬದುಕಿದರು ನಿಜ, ಕೆಲವರಂತೂ ಎರಡು ವಾರಕ್ಕೂ ಜಾಸ್ತಿ ತೇಲಾಡಿದ ಮೇಲೆ. ಆಟದಲ್ಲಿ ಈ ತಡೆದು ನೋಡುವ ಸೌಕರ್ಯವೇ ಇಲ್ಲ. ಮುಳುಗಿಸು ಅಥವಾ ಬಿಡು, ಎರಡೇ ದಾರಿ. ಆಟ ಮಾಡಿದವರ ಮೇಲೆ ನನ್ನದೂ ಇದೊಂದೇ ದೂರು.

ಹೋದ ಅಂಕ ತಾನಾಗಿ ಬರುವುದಿಲ್ಲ. ಶತ್ರು ಹಡಗು ಮುಳುಗಿಸಿ ಮತ್ತೆ ಗಳಿಸಬೇಕು. ಹಳೇ ಸೇವ್ ಇದ್ದರೆ ಅದನ್ನೇ ಲೋಡ್ ಮಾಡಿಬಿಡಿ. ನಾರ್ವೆ ಹಡಗಿನ ವಿಷಯದಲ್ಲಿ ನಾನು ಮಾಡಿದ್ದೂ ಅದೇ.

– ಸಂ