ರೇನಿಯರ್ ಬೆಟ್ಟದ ಹಿಮ, ಹೊಳೆ ಮತ್ತು ಹೊತ್ತು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅಮೆರಿಕದ ವಾಷಿಂಗ್ಟನ್ ರಾಜ್ಯದ ಮೌಂಟ್ ರೇನಿಯರ್ ಸುತ್ತ ವಂಡರ್‌ಲ್ಯಾಂಡ್ ಟ್ರೇಲ್ ನಡೆಯಬೇಕೆಂದಿದ್ದೇವೆ. ಮಳೆಯಿಲ್ಲದ ದಿನವೂ ಅಲ್ಲಿನ ಹೊಳೆಗಳು ಸಂಜೆಗೆ ಉಕ್ಕುತ್ತವಂತೆ. ಏಕೆ? ದಾಟುವುದು ಹೇಗೆ?

ಉತ್ತರ: ಬೇಸಿಗೆಯಲ್ಲಿ ಆ ಹೊಳೆಗಳನ್ನು ಏರಿಸುವುದು ಬಿಸಿಲು. 4,392 ಮೀಟರ್ ಎತ್ತರದ ಈ ಬೆಟ್ಟದ ಮೈತುಂಬ ಹಿಮನದಿಗಳಿವೆ. ಅವು ಹೆಚ್ಚು ಕರಗುವುದು ನಡುಮಧ್ಯಾಹ್ನದಲ್ಲಿ. ಆ ನೀರು ಕೆಳಗಿನ ಕಾಲುದಾರಿಗೆ ಬಂದು ಮುಟ್ಟುವಷ್ಟರಲ್ಲಿ ಇಳಿಹೊತ್ತಾಗಿರುತ್ತದೆ. ರಾತ್ರಿಯ ಚಳಿಗೆ ಕರಗುವುದು ತಗ್ಗಿ, ನಸುಕಿನಲ್ಲಿ ಹೊಳೆ ಸೊರಗಿರುತ್ತದೆ. ದಾಟುವುದಿದ್ದರೆ ಆಗಲೇ ದಾಟಿ. ಸಂಜೆ ದಡಕ್ಕೆ ಬಂದಿರಾ, ಈಚೆ ದಡದಲ್ಲೇ ಕಾಯುವುದು ಲೇಸು.

ಸುಮಾರು 150 ಕಿಲೋಮೀಟರಿನ ಆ ದಾರಿಯಲ್ಲಿ ದೊಡ್ಡ ಹೊಳೆಗಳಿಗೆ ಮರದ ದಿಮ್ಮಿಯ ಸೇತುವೆಗಳಿವೆ. ಆದರೆ ಪ್ರವಾಹಕ್ಕೆ ಕೊಚ್ಚಿಹೋಗುವುದು ಮಾಮೂಲು. ಹೊರಡುವ ದಿನವೇ ರಾಷ್ಟ್ರೀಯ ಉದ್ಯಾನದ ರೇಂಜರ್ ಕಚೇರಿಯಲ್ಲಿ ಯಾವುದು ಉಳಿದಿದೆ ಎಂದು ಕೇಳಿಕೊಳ್ಳಿ. ಸೇತುವೆ ಇಲ್ಲದಿದ್ದರೆ ಹೊಳೆ ಕವಲೊಡೆದು ಅಗಲವಾದ ಜಾಗ ಹುಡುಕಿ. ಕಿರಿದಾದಲ್ಲಿ ಆಳವೂ ಸೆಳೆತವೂ ಹೆಚ್ಚು. ನೀರು ಹರಿದುಹೋಗುವ ಕಡೆ ಬಿದ್ದ ಮರಗಳ ರಾಶಿ ಇರಬಾರದು, ಜಾರಿದವರನ್ನು ನೀರು ಅದರಡಿಗೆ ಎಳೆದು ಸಿಕ್ಕಿಸುತ್ತದೆ. ಶೂ ಕಳಚಬೇಡಿ. ಬೆನ್ನಚೀಲದ ಸೊಂಟಪಟ್ಟಿ, ಎದೆಪಟ್ಟಿ ಬಿಚ್ಚಿಡಿ. ನೀರು ಬರುವ ಕಡೆಗೆ ಮುಖ ಮಾಡಿ, ಕೋಲಿನಿಂದ ತಳ ತಡವುತ್ತ ಅಡ್ಡಹೆಜ್ಜೆ ಹಾಕಿ. ಹಿಮನದಿ ಬಂಡೆಯನ್ನು ತೇದ ನುಣ್ಣನೆಯ ಹುಡಿಯಿಂದ ನೀರು ಹಾಲಿನಂತೆ ಮಬ್ಬಾಗಿರುವುದರಿಂದ ಕಣ್ಣಿಗೆ ಆಳ ತಿಳಿಯದು. ಸೆಳೆತದ ನೀರು ಮೊಣಕಾಲು ಮೀರಿದರೆ ಹಿಂದಿರುಗಿ. ದಡದಲ್ಲಿ ನಿಂತಾಗ ನೀರಿನೊಳಗಿಂದ ‘ದಡ್ ದಡ್’ ಎಂಬ ಮಂದ ಸದ್ದು ಕೇಳಿದರೆ ತಳದಲ್ಲಿ ಗುಂಡುಕಲ್ಲುಗಳು ಉರುಳುತ್ತಿವೆ ಎಂದರ್ಥ. ಆಗ ಕಾಲಿಡುವ ಮಾತೇ ಬೇಡ.

ಪ್ರಶ್ನೆ: ಆ ಹಾಲುನೀರನ್ನು ಕುಡಿಯಬಹುದೇ?

ಉತ್ತರ: ನೇರವಾಗಿ ಬೇಡ, ನೇರವಾಗಿ ಫಿಲ್ಟರ್‌ಗೂ ಬೇಡ, ಹುಡಿ ಕೂತು ಸ್ವಲ್ಪದರಲ್ಲೇ ಕಟ್ಟಿಕೊಳ್ಳುತ್ತದೆ. ಪಾತ್ರೆಯಲ್ಲಿ ರಾತ್ರಿಯಿಡೀ ಅಲುಗಾಡಿಸದೆ ಇಟ್ಟು, ಮೇಲಿನ ನೀರನ್ನು ಬಗ್ಗಿಸಿಕೊಂಡು ಸೋಸಿ. ಕುದಿಸುವುದಾದರೆ 2,000 ಮೀಟರ್ ಮೇಲೆ ಮೂರು ನಿಮಿಷ, ಕೆಳಗೆ ಒಂದು ನಿಮಿಷ ಸಾಕು. ಪಕ್ಕದಲ್ಲಿ ತಿಳಿನೀರಿನ ತೊರೆ ಸಿಕ್ಕರೆ ಈ ಪಾಡೇ ಬೇಡ, ಅಲ್ಲಿಂದ ತುಂಬಿಸಿ ಸೋಸಿಕೊಳ್ಳಿ.

ಪ್ರಶ್ನೆ: ಜೂನ್ ಕೊನೆಯಲ್ಲಿ ಇದೇ ಬೆಟ್ಟದ ಪ್ರವಾಸಿ ತಾಣ ಪ್ಯಾರಡೈಸ್‌ನಿಂದ, ಶಿಖರ ಏರುವವರು ತಂಗುವ ಕ್ಯಾಂಪ್ ಮ್ಯೂರ್‌ವರೆಗೆ ಒಂದೇ ದಿನದಲ್ಲಿ ಹೋಗಿ ಬರಬಹುದೇ? ಅಷ್ಟು ಹೊತ್ತಿಗೆ ಹಿಮ ಕರಗಿರುತ್ತದಲ್ಲವೇ?

ಉತ್ತರ: ಹಿಮ ಕರಗಿರುವುದಿಲ್ಲ. 1,650 ಮೀಟರ್ ಎತ್ತರದ ಪ್ಯಾರಡೈಸ್‌ನಲ್ಲಿ 1971–72ರ ಚಳಿಗಾಲದಲ್ಲಿ ಬಿದ್ದ ಹಿಮ ಒಟ್ಟು 1,122 ಇಂಚು. ಸಾಮಾನ್ಯ ವರ್ಷಗಳಲ್ಲೂ ಜುಲೈವರೆಗೆ ದಾರಿಯ ಮೇಲೆ ಹಿಮ ಉಳಿಯುತ್ತದೆ. ಗಟ್ಟಿಮುಟ್ಟಾದವರು ಒಂದು ದಿನದಲ್ಲಿ ಹೋಗಿ ಬರುತ್ತಾರೆ: ಒಂದು ಕಡೆಗೆ ಏಳು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು, ಏರು 1,400 ಮೀಟರ್. ಅಪಾಯ ಏರಿನದಲ್ಲ, ಮೋಡದ್ದು. ಮೋಡ ಕವಿದರೆ ದಾರಿಯಲ್ಲಿ ಸಿಗುವ ಮ್ಯೂರ್ ಹಿಮಬಯಲಿನಲ್ಲಿ ನೆಲ ಆಕಾಶ ಎರಡೂ ಒಂದೇ ಬಿಳುಪು. ಇಳಿಯುವಾಗ ಒಂದು ಬದಿಗೆ ಸರಿದರೆ ನಿಸ್ಕ್ವಾಲಿ ಹಿಮನದಿ, ಇನ್ನೊಂದು ಬದಿಗೆ ಪ್ಯಾರಡೈಸ್ ಹಿಮನದಿ, ಎರಡರಲ್ಲೂ ಬಿರುಕುಗಳು. ಏರುವಾಗಲೇ ಜಿಪಿಎಸ್‌ನಲ್ಲಿ ಹೆಜ್ಜೆ ದಾಖಲಿಸಿ, ತಿರುವುಗಳ ದಿಕ್ಕಿನ ಕೋನಗಳನ್ನು ಚೀಟಿಯಲ್ಲಿ ಬರೆದಿಡಿ. ದಿಕ್ಸೂಚಿ ಅಲ್ಲಿ ನಿಜ ಉತ್ತರಕ್ಕಿಂತ ಸುಮಾರು 15 ಡಿಗ್ರಿ ಪೂರ್ವಕ್ಕೆ ತೋರಿಸುತ್ತದೆ. ಅದನ್ನು ಸರಿಹೊಂದಿಸದಿದ್ದರೆ ಚೀಟಿಯೇ ದಾರಿ ತಪ್ಪಿಸುತ್ತದೆ. ಚಳಿಗೆ ಬ್ಯಾಟರಿ ಸಾಯುವುದರಿಂದ ಫೋನು ಒಳಜೇಬಿನಲ್ಲಿರಲಿ.

ಕುಳಿತು ಜಾರುತ್ತ ಇಳಿಯುವ ಮೋಜಿಗೆ ಮನಸ್ಸಾದರೆ ಮೊದಲು ಕ್ರ್ಯಾಂಪಾನ್ (ಹಿಮದಲ್ಲಿ ಜಾರದಂತೆ ಶೂಗೆ ಕಟ್ಟುವ ಲೋಹದ ಮುಳ್ಳುಗಳು) ಬಿಚ್ಚಿ. ಮುಳ್ಳು ಹಿಮಕ್ಕೆ ಕಚ್ಚಿ ಪಾದ ನಿಂತುಬಿಡುತ್ತದೆ, ಮೈ ಮುಂದೆ ಹೋಗುತ್ತದೆ, ಮುರಿಯುವುದು ಕಣಕಾಲು. ಕೆಳಗಿನ ಹಿಮದಡಿ ತೊರೆಗಳು ಹರಿಯುತ್ತಿರುತ್ತವೆ: ಉದ್ದಕ್ಕೆ ತಗ್ಗಿದ ಬೂದುಬಣ್ಣದ ಪಟ್ಟೆ, ಕೋಲು ಊರಿದರೆ ಟೊಳ್ಳು ಸದ್ದು ಕಂಡಲ್ಲಿ ಸುತ್ತುಹಾಕಿ ಹೋಗಿ.

ಪ್ರಶ್ನೆ: ರಿಫ್ಲೆಕ್ಷನ್ ಲೇಕ್ಸ್‌ನಲ್ಲಿ ಕಯಾಕ್ ಇಳಿಸಬಹುದೇ?

ಉತ್ತರ: ಇಲ್ಲ, ಅಲ್ಲಿ ದೋಣಿಗೆ ನಿಷೇಧವಿದೆ. ಟಿಪ್ಸೂ ಕೆರೆಯಲ್ಲೂ ಅಷ್ಟೇ. ಇನ್ನು ಕಾರಿನಲ್ಲಿ ಬರುವವರಿಗೆ ಒಂದು ಮಾತು: ನವೆಂಬರ್ 1ರಿಂದ ಮೇ 1ರವರೆಗೆ ಉದ್ಯಾನದೊಳಗೆ ಎಲ್ಲ ವಾಹನಗಳಲ್ಲೂ ಟೈರಿಗೆ ಕಟ್ಟುವ ಸರಪಳಿ ಇರಲೇಬೇಕು, ನಾಲ್ಕೂ ಚಕ್ರ ಎಳೆಯುವ ಗಾಡಿಯಾದರೂ.