ನಾಲ್ಕು ನಿಮಿಷದ ಹಾಡಿಗೆ ಎಷ್ಟು ಜಾಗ ಬೇಕು?

ಸ್ವಂತ ಹಾಡೊಂದರ ವಿಡಿಯೊಗಾಗಿ ಉತ್ತರ ಕನ್ನಡಕ್ಕೆ ಬರುತ್ತಿರುವ ತಾವು ಯಾಣ, ಓಂ ಬೀಚ್, ಮಿರ್ಜಾನ್ ಕೋಟೆ, ಶಿರಸಿಯ ಅಡಿಕೆ ತೋಟ ಎಲ್ಲವನ್ನೂ ಸೇರಿಸಬೇಕೇ, ಉಡುಪನ್ನು ಹೇಗೆ ಆರಿಸಬೇಕು ಎಂದು ಕೇಳಿದ್ದೀರಿ. ಶಿರಸಿ, ಕುಮಟಾ ಕಡೆಯ ಇಂಥ ಚಿತ್ರೀಕರಣಗಳಲ್ಲಿ ಉಡುಪು ಮತ್ತು ಬಣ್ಣದ ಕೆಲಸ ನೋಡಿಕೊಳ್ಳುವ ನನ್ನ ಅಭಿಪ್ರಾಯದಲ್ಲಿ ಎಲ್ಲವೂ ಬೇಡ. ಸಾಲಿಗೊಂದು ಊರು ಬದಲಾದರೆ ನೋಡುವವರು ಜಾಗವನ್ನು ಗುರುತಿಸುವುದರಲ್ಲೇ ಮುಳುಗಿ ಹಾಡನ್ನು ಕೇಳುವುದನ್ನೇ ಬಿಡುತ್ತಾರೆ. ಪ್ರವಾಸೋದ್ಯಮದ ಜಾಹೀರಾತಿಗಾದರೆ ಅದು ಸರಿ.

ಜಾಗವನ್ನು ಹಾಡಿನ ಗತಿ ನೋಡಿ ಆರಿಸಬೇಕು. ಯಾಣದಲ್ಲಿ ಸುಮಾರು 120 ಮೀಟರ್ ಎತ್ತರದ ಭೈರವೇಶ್ವರ ಶಿಖರದ ಕಪ್ಪು ಬಂಡೆಯ ಮುಂದೆ ಅಲುಗಾಡುವಂಥದ್ದು ಏನೂ ಇಲ್ಲದಿರುವುದರಿಂದ ಗಾಯಕಿಯ ಬೆರಳಿನ ಚಲನೆಯೂ ಕಣ್ಣಿಗೆ ಬೀಳುತ್ತದೆ, ಹಾಗಾಗಿ ನಿಧಾನಗತಿಯ ಹಾಡಿಗೆ ಅದು ಒಪ್ಪುತ್ತದೆ. ಕಡಲ ದಂಡೆಯಲ್ಲಿ ಅಲೆಗೆ ತನ್ನದೇ ತಾಳವಿದೆ. ಅದು ಹಾಡಿನ ತಾಳಕ್ಕೆ ಹೊಂದದಿದ್ದಾಗ ಹಾಡನ್ನು ಎರಡು ಪಟ್ಟು ವೇಗದಲ್ಲಿ ನುಡಿಸಿ, ಗಾಯಕರಿಂದ ಅದೇ ವೇಗದಲ್ಲಿ ತುಟಿ ಆಡಿಸಿ, ಸೆಕೆಂಡಿಗೆ 48 ಫ್ರೇಮಿನಂತೆ ಚಿತ್ರೀಕರಿಸಿ 24ರಲ್ಲಿ ತೋರಿಸುವ ಹಳೆಯ ಉಪಾಯವಿದೆ. ಆಗ ತುಟಿ ಹಾಡಿನೊಂದಿಗೆ ಕೂಡುತ್ತದೆ, ಅಲೆ, ಸೆರಗು, ಕೂದಲು ಮಾತ್ರ ನಿಧಾನವಾಗುತ್ತವೆ.

ಜಾಗ ಗೊತ್ತಾದ ಮೇಲೆಯೇ ಬಟ್ಟೆ ಕೊಳ್ಳಿ. ಮಿರ್ಜಾನ್ ಕೋಟೆಯ ಚಿರೆಕಲ್ಲು ಬೇಸಿಗೆಯಲ್ಲಿ ತಿಳಿಗೆಂಪಾಗಿದ್ದು ಮಳೆ ಬಿದ್ದೊಡನೆ ಕಡುಗೆಂಪಿಗೆ ತಿರುಗಿ ಮೇಲೆ ಪಾಚಿಯ ಹಸಿರನ್ನೂ ಹೊದೆಯುತ್ತದೆಯಾದ್ದರಿಂದ ಮೇ ತಿಂಗಳಲ್ಲಿ ಎದ್ದು ಕಾಣುತ್ತಿದ್ದ ಮರೂನ್ ಸೀರೆ ಜುಲೈಯಲ್ಲಿ ಗೋಡೆಯೊಳಗೆ ಕರಗಿಹೋಗುತ್ತದೆ. ಅಲ್ಲಿ ಕಡುನೀಲಿ ಅಥವಾ ಕೋರಾ ಬಣ್ಣ ನಿಲ್ಲುತ್ತದೆ. ಅಡಿಕೆ ತೋಟದ ತೊಡಕು ಬೇರೆ. ಸೋಗೆಯ ಸಂದಿಯಿಂದ ಬೀಳುವ ಬಿಸಿಲಿನ ಚುಕ್ಕೆಗಳು ಸರಿಯುತ್ತಲೇ ಇರುವುದರಿಂದ ಒಂದೇ ಚರಣದ ಎರಡು ಶಾಟ್‌ಗಳು ಸಂಕಲನದಲ್ಲಿ ಕೂಡುವುದಿಲ್ಲ. ಬಿಳಿ ಅಂಗಿ ನೆರಳಿನಲ್ಲಿ ಹಸಿರಾಗಿಯೂ ಚುಕ್ಕೆ ಬಿದ್ದಲ್ಲಿ ಸುಟ್ಟಂತೆಯೂ ಕಾಣುತ್ತದೆ. ಮೋಡ ಕವಿದ ದಿನವೇ ಅಲ್ಲಿಗೆ ಹೋಗುವುದು ಲೇಸು. ಸಣ್ಣ ಚೌಕಳಿಯ ಬಟ್ಟೆ ಕ್ಯಾಮೆರಾದಲ್ಲಿ ಮಿನುಗುವುದರಿಂದ ಎಲ್ಲಿಯೂ ಬೇಡ.

ಈ ಜಿಲ್ಲೆಯ ಹಾಲಕ್ಕಿ ಒಕ್ಕಲಿಗ ಸಮುದಾಯದ ಹೆಣ್ಣುಮಕ್ಕಳ ಮಣಿಸರ, ಸೀರೆಯ ಉಡಿಕೆಯನ್ನು ಮಾಡೆಲ್ ಒಬ್ಬಳಿಗೆ ತೊಡಿಸಿ ಹಾಡಿಸುವುದು ಈಚೆಗೆ ರೂಢಿಯಾಗುತ್ತಿದೆ, ನನಗದು ಸರಿಕಾಣದು. 2017ರಲ್ಲಿ ಪದ್ಮಶ್ರೀ ಪಡೆದ ಸುಕ್ರಿ ಬೊಮ್ಮಗೌಡರಂಥ ಹಾಡುಗಾರ್ತಿಯರ ಸಮುದಾಯದ ಉಡುಗೆ ಬೇಕೆಂದಾದರೆ ಆ ಸಮುದಾಯದವರನ್ನೇ ಕರೆದು, ಸಂಭಾವನೆ ಕೊಟ್ಟು, ಹಾಡಿನಲ್ಲಿಯೂ ದನಿ ಸೇರಿಸಿಕೊಳ್ಳಿ.

ತಮ್ಮ ಹಾಡು ವಿರಹದ್ದೆಂದು ಬರೆದಿದ್ದೀರಿ. ಹಾಗಿದ್ದರೆ ನಾನು ಆರಿಸುತ್ತಿದ್ದುದು ಕಾರವಾರದ ಬೈತಖೋಲ ಬಂದರನ್ನು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದ್ದು ಬಣ್ಣದ ಬೋಟುಗಳು ಸಾಲುಗಟ್ಟಿ ನಿಂತಿರುತ್ತವೆ, ಮೋಡದ ಬೆಳಕು ಮುಖದ ಮೇಲೆ ಗಡುಸಾದ ನೆರಳು ಬೀಳಿಸುವುದಿಲ್ಲ. ಎರಡು ದಿನ ಚಿತ್ರೀಕರಿಸುವುದಾದರೆ ಕಡಲು ಉಬ್ಬುವ ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದನ್ನು ಲೆಕ್ಕಕ್ಕೆ ಹಿಡಿಯಿರಿ. ನೌಕಾನೆಲೆ ಹತ್ತಿರವೇ ಇರುವುದರಿಂದ ಅನುಮತಿಯಿಲ್ಲದೆ ಡ್ರೋನ್ ಹಾರಿಸಬೇಡಿ, ಬಂದರಿನೊಳಗೆ ಕ್ಯಾಮೆರಾ ಇಡಲು ಕೂಡ ಮೊದಲೇ ಕೇಳಿಕೊಳ್ಳಿ.