ಹಳೆ ರಾಕ್ ಸ್ಲೈಡರ್ ಕೊಳ್ಳುವಾಗ ಮೊದಲು ಅದರ ಕಾಲು ನೋಡಿ

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟ ಇದೆ. 2021ರ ಮಹೀಂದ್ರ ಥಾರ್ ಓಡಿಸುತ್ತೇನೆ. ಮಳೆಗಾಲ ಕಳೆದ ಮೇಲೆ ತೋಟದ ದಾರಿಯಲ್ಲಿ ಕಲ್ಲುಗಳು ಎದ್ದು, ಬಾಗಿಲ ಕೆಳಗಿನ ತಗಡು ಎರಡು ಕಡೆ ಜಜ್ಜಿಹೋಗಿದೆ. ಬೆಂಗಳೂರಿನಲ್ಲಿ ಒಬ್ಬರು ತಮ್ಮ ಗಾಡಿಯಿಂದ ಬಿಚ್ಚಿದ ರಾಕ್ ಸ್ಲೈಡರ್ (ಬಾಗಿಲ ಕೆಳಗೆ ಉದ್ದಕ್ಕೂ ಕೂರಿಸುವ ಕಬ್ಬಿಣದ ಪೈಪಿನ ರಕ್ಷಣೆ) ಜೋಡಿ ಮಾರುತ್ತಿದ್ದಾರೆ. ಅದೇ ದುಡ್ಡಿಗೆ ಹೊಸ ಅಲ್ಯೂಮಿನಿಯಂ ಫುಟ್‌ಸ್ಟೆಪ್ ಸಿಗುತ್ತದೆ. ಯಾವುದು ತಗೊಳ್ಳಲಿ? ಹಳೆಯದಾದರೆ ಏನೇನು ನೋಡಬೇಕು?

ಉತ್ತರ: ನಿಮ್ಮ ದಾರಿಗೆ ಸ್ಲೈಡರ್ರೇ ಬೇಕು. ಫುಟ್‌ಸ್ಟೆಪ್ ಇರುವುದು ಹತ್ತಿ ಇಳಿಯೋದಕ್ಕೆ. ಅದು ಮನುಷ್ಯನ ಭಾರ ಹೊರುತ್ತದೆ, ಅಷ್ಟೇ. ಸ್ಲೈಡರ್ ಗಾಡಿಯ ಭಾರ ಹೊರಬೇಕು. ಗಾಡಿ ಕಲ್ಲಿನ ಮೇಲೆ ಕೂತಾಗ ತಗಡು ಮುಟ್ಟದೆ ಜಾರಿ ಮುಂದೆ ಹೋಗಲಿ ಅಂತಲೇ ಅದನ್ನು ಮಾಡುತ್ತಾರೆ. ಅಲ್ಯೂಮಿನಿಯಂ ಸ್ಟೆಪ್ ಹಾಕಿಕೊಂಡು ನಿಮ್ಮ ತೋಟದ ದಾರಿಗೆ ಇಳಿದರೆ ಮೊದಲ ಕಲ್ಲಿಗೇ ಅದು ಮಡಚುತ್ತದೆ. ಮಡಚಿದ್ದು ಹೋಗಿ ಬಾಗಿಲಿಗೇ ಒತ್ತಿಕೊಳ್ಳುತ್ತದೆ.

ಮಾರುವವರು ಏನೇ ಹೆಸರು ಹೇಳಲಿ, ನೀವು ಕೆಳಗೆ ಬಗ್ಗಿ ಒಂದೇ ವಿಷಯ ನೋಡಿ. ಪೈಪಿನಿಂದ ಒಳಗೆ ಹೋಗುವ ಕಾಲುಗಳು ಎಲ್ಲಿ ಕೂರುತ್ತವೆ? ಚಾಸಿಯ, ಅಂದರೆ ಗಾಡಿಯ ಅಡಿಯ ಚೌಕಟ್ಟಿನ, ಉದ್ದದ ಪಟ್ಟಿಗೆ ದಪ್ಪ ಪ್ಲೇಟಿನಲ್ಲಿ ಕೂತರೆ ಅದು ಸ್ಲೈಡರ್. ಬಾಗಿಲ ಕೆಳಗಿನ ತಗಡಿಗೆ ಬೋಲ್ಟ್ ಆಗುವುದಾದರೆ ಅದು ಫುಟ್‌ಸ್ಟೆಪ್, ಪೈಪ್ ಎಷ್ಟೇ ದಪ್ಪ ಕಾಣಲಿ. ಥಾರ್‌ನಲ್ಲಿ ಬಾಡಿ ಬೇರೆ, ಚಾಸಿ ಬೇರೆ. ನಡುವೆ ರಬ್ಬರ್ ಇದೆ, ಹಾಗಾಗಿ ಎರಡೂ ಬೇರೆ ಬೇರೆಯಾಗಿ ಅಲ್ಲಾಡುತ್ತವೆ. ಒಂದೇ ಸ್ಲೈಡರನ್ನು ಎರಡಕ್ಕೂ ಬಿಗಿದರೆ ಸ್ವಲ್ಪ ದಿನದಲ್ಲಿ ತಗಡು ಹರಿಯುತ್ತದೆ.

ಬೆಂಗಳೂರಿಗೆ ಹೊರಡುವ ಮುಂಚೆ ಫೋನಿನಲ್ಲೇ ಕೇಳಿ: ಯಾವ ವರ್ಷದ, ಯಾವ ಗಾಡಿಯಿಂದ ಬಿಚ್ಚಿದ್ದು? ‘ಥಾರ್‌ದು’ ಅಂದರೆ ಸಾಲದು. 2020ರಲ್ಲಿ ಬಂದ ಥಾರ್ ಹೊಸ ಚಾಸಿಯ ಮೇಲೆ ಕಟ್ಟಿದ ಗಾಡಿ. ಹಳೆ ಥಾರ್‌ನ ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ) 2,430 ಮಿ.ಮೀ., ನಿಮ್ಮದು 2,450. ಉದ್ದದಲ್ಲಿ ವ್ಯತ್ಯಾಸ ಕಡಿಮೆ ಅನ್ನಿಸುತ್ತದೆ, ಆದರೆ ಕಾಲು ಕೂರುವ ಜಾಗ ಹೊಂದುವುದಿಲ್ಲ. 2024ರ ಥಾರ್ ರಾಕ್ಸ್ 2,850 ಮಿ.ಮೀ., ಅದರ ಮಾತೇ ಬೇಡ. ಮಾರುತಿ ಜಿಮ್ನಿ ಇಟ್ಟುಕೊಂಡವರಿಗೂ ಒಂದು ಮಾತು ಹೇಳಿಬಿಡುತ್ತೇನೆ. ಹೊರದೇಶದಿಂದ ಬರುವ ಸ್ಲೈಡರ್‌ಗಳಲ್ಲಿ ಬಹಳಷ್ಟು 3 ಬಾಗಿಲಿನ ಜಿಮ್ನಿಯವು. ನಮ್ಮ 5 ಬಾಗಿಲಿನದು ಅದಕ್ಕಿಂತ 340 ಮಿ.ಮೀ. ಹೆಚ್ಚು ಉದ್ದ. ಅದನ್ನು ಇದಕ್ಕೆ ಹಾಕಿದರೆ ಹಿಂದಿನ ಬಾಗಿಲ ಕೆಳಗೆ ಏನೂ ಉಳಿಯುವುದಿಲ್ಲ.

ಇನ್ನು ಎದುರಿಗೆ ಕೂತು ನೋಡುವುದು. ಪೈಪಿನ ಅಡಿಯಲ್ಲಿ ಗೀರು ಇದ್ದರೆ ಹೆದರಬೇಡಿ. ಅದು ತನ್ನ ಕೆಲಸ ಮಾಡಿದೆ ಅಂತ ಅರ್ಥ. ನನಗಂತೂ ಗೀರಿರುವ, ನೆಟ್ಟಗಿರುವ ಸ್ಲೈಡರ್ ಮೇಲೆ ಇರುವ ನಂಬಿಕೆ ನಿನ್ನೆ ತಾನೇ ಕಪ್ಪು ಬಣ್ಣ ಹೊಡೆದು ಇಟ್ಟಿದ್ದರ ಮೇಲೆ ಇಲ್ಲ. ಒಂದು ಬಟ್ಟೆಗೆ ಸೀಮೆಎಣ್ಣೆ ಹಾಕಿ, ಕಾಲು ಪೈಪಿಗೆ ಸೇರುವ ಜಾಗ ಮತ್ತು ಕಾಲು ಪ್ಲೇಟಿಗೆ ಸೇರುವ ಜಾಗ ಎರಡನ್ನೂ ಚೆನ್ನಾಗಿ ಒರೆಸಿ. ಟಾರ್ಚನ್ನು ನೇರವಾಗಿ ಬಿಡದೆ ಪಕ್ಕದಿಂದ ಓರೆಯಾಗಿ ಹಿಡಿಯಿರಿ. ವೆಲ್ಡಿಂಗಿನ ಅಂಚಿನಲ್ಲಿ ಕೂದಲೆಳೆಯಷ್ಟು ಕೆಂಪು ಗೆರೆ ಕಂಡರೆ ಅಲ್ಲಿ ಬಿರುಕು ಬಿಟ್ಟಿದೆ, ಒಳಗಿನ ತುಕ್ಕು ಬಣ್ಣದ ಮೂಲಕ ಹೊರಗೆ ಬರುತ್ತಿದೆ. ಅಂಥದ್ದನ್ನು ಬಿಟ್ಟು ಬನ್ನಿ. ಮೇಲೆ ಮತ್ತೊಂದು ಸಾಲು ವೆಲ್ಡಿಂಗ್ ಎಳೆದುಕೊಡುತ್ತೇವೆ ಅಂದರೂ ಬೇಡ.

ಆಮೇಲೆ ಬೋಲ್ಟ್ ತೂತುಗಳು. ದುಂಡಗೆ ಇರಬೇಕು. ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಬೋಲ್ಟ್ ಸಡಿಲವಾಗಿಯೇ ಬಹಳ ಕಾಲ ಓಡಿಸಿದ್ದಾರೆ. ಎರಡನ್ನೂ ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ಪಕ್ಕಪಕ್ಕ ಮಲಗಿಸಿ, ಪೈಪಿನ ಈ ತುದಿಯಿಂದ ಆ ತುದಿಗೆ ದಾರ ಎಳೆದು ಹಿಡಿಯಿರಿ. ಎಲ್ಲಿ ಬಗ್ಗಿದೆ ಅನ್ನೋದು ಗೊತ್ತಾಗುತ್ತದೆ. ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ. ಠಣ್ ಅನ್ನುತ್ತಿದ್ದ ಶಬ್ದ ಒಂದು ಕಡೆ ಮಂದವಾದರೆ ಒಳಗೆ ತುಕ್ಕು ತಿಂದಿರಬಹುದು. ನೀರು ಇಳಿಯುವ ತೂತು ಇದ್ದರೆ ಅದರಲ್ಲಿ ತಂತಿ ಹಾಕಿ ಕೆದಕಿ ನೋಡಿ. ಕರಾವಳಿಯಲ್ಲಿ ಓಡಿದ ಗಾಡಿಯದ್ದಾದರೆ ಈ ಪರೀಕ್ಷೆ ಖಂಡಿತ ಬಿಡಬೇಡಿ.

ಪೈಪ್ ಎಷ್ಟು ದಪ್ಪ ಅಂತ ಹೊರಗಿನಿಂದ ತಿಳಿಯೋದಿಲ್ಲ, ತುದಿ ಮುಚ್ಚಿರುತ್ತದೆ. ಅದಕ್ಕೆ ತಕ್ಕಡಿಯೇ ದಾರಿ. ಸುಮಾರು 44 ಮಿ.ಮೀ. ಅಗಲದ ಕಬ್ಬಿಣದ ಪೈಪಿನ ಗೋಡೆ 3 ಮಿ.ಮೀ. ಇದ್ದರೆ ಒಂದು ಮೀಟರಿಗೆ ಹತ್ತಿರ ಹತ್ತಿರ 3 ಕಿಲೋ ತೂಗುತ್ತದೆ. 2 ಮಿ.ಮೀ. ಇದ್ದರೆ 2 ಕಿಲೋ. ಟೇಪಿನಲ್ಲಿ ಪೈಪಿನ ಒಟ್ಟು ಉದ್ದ ಅಳೆದುಕೊಂಡು ಲೆಕ್ಕ ಹಾಕಿ, ಕಾಲು ಮತ್ತು ಪ್ಲೇಟಿನ ತೂಕ ಅದರ ಮೇಲೆ. ಎರಡು ಸಾಲು ಪೈಪಿನ ಸ್ಲೈಡರ್ ಒಂದು ಕಡೆಯದ್ದು 10 ಕಿಲೋ ಕೂಡ ಬರದಿದ್ದರೆ ಅದು ಗಾಡಿ ಹೊರುವ ವಸ್ತುವಲ್ಲ. 3 ಮಿ.ಮೀ.ಗಿಂತ ತೆಳ್ಳಗಿನದಕ್ಕೆ ದುಡ್ಡು ಹಾಕಬೇಡಿ.

ಬೆಲೆ? ಎಲ್ಲ ಸರಿ ಇದ್ದರೂ ಹೊಸದರ ಅರ್ಧಕ್ಕಿಂತ ಜಾಸ್ತಿ ಕೊಡುವುದು ನನಗೆ ಸರಿ ಕಾಣುವುದಿಲ್ಲ. ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ನೋಡುವುದಾದರೆ, ಪಕ್ಕಕ್ಕೆ ಪೆಟ್ಟು ತಿಂದ ಗಾಡಿಯಿಂದ ಬಿಚ್ಚಿದ್ದಾ ಅಂತ ಬಾಯಿ ಬಿಟ್ಟು ಕೇಳಿ, ದಾರದ ಪರೀಕ್ಷೆ ಎರಡು ಸಲ ಮಾಡಿ.

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ನಮ್ಮ ಗ್ಯಾರೇಜಿನವರು ‘ಬೋಲ್ಟ್ ಎಲ್ಲ ಯಾಕೆ ಸಾರ್, ಚಾಸಿಗೆ ವೆಲ್ಡ್ ಮಾಡಿಬಿಡೋಣ, ಗಟ್ಟಿ ಇರುತ್ತೆ’ ಅನ್ನುತ್ತಾರೆ. ಒಪ್ಪಿಕೊಳ್ಳಲಾ?

ಉತ್ತರ: ಬೇಡ. ವೆಲ್ಡಿಂಗ್ ಗಟ್ಟಿ ಇರುತ್ತದೆ ಅನ್ನೋದು ಸುಳ್ಳಲ್ಲ. ಆದರೆ ಆ ಶಾಖಕ್ಕೆ ಚಾಸಿಯ ಒಳಗಿನ ಬಣ್ಣ ಸುಟ್ಟುಹೋಗುತ್ತದೆ. ನಿಮಗೆ ಕಾಣದ ಜಾಗದಲ್ಲಿ ತುಕ್ಕು ಶುರುವಾಗುತ್ತದೆ. ಮಲೆನಾಡಿನ ಮಳೆಯಲ್ಲಿ ಅದು ಎಷ್ಟು ಬೇಗ ಹರಡುತ್ತದೆ ಅಂತ ನಿಮಗೇ ಗೊತ್ತಲ್ವಾ. ಕಂಪನಿಯ ವಾರಂಟಿಗೂ ತಕರಾರು ಬರುತ್ತದೆ. ಸ್ಲೈಡರ್ ಹಾಳಾದ ದಿನ ಕತ್ತರಿಸಿಯೇ ತೆಗೆಯಬೇಕು.

ಬೋಲ್ಟ್ ಮಾಡುವಾಗ ಹೊಸ ಬೋಲ್ಟೇ ತನ್ನಿ, ಹಳೆಯದರ ಜೊತೆ ಬಂದವನ್ನು ಪಕ್ಕಕ್ಕಿಡಿ. ತಲೆಯ ಮೇಲೆ 8.8 ಅಂತ ಅಚ್ಚು ಇರಬೇಕು, ಅದು ಬೋಲ್ಟಿನ ಗಟ್ಟಿತನದ ಗುರುತು. ಚಾಸಿಯಲ್ಲಿ ಕಂಪನಿಯವರೇ ಬಿಟ್ಟಿರುವ ತೂತುಗಳಲ್ಲಿ ಮಾತ್ರ ಕೂರಿಸಿ. ಪಟ್ಟಿಯ ಮೇಲಿನ ಮತ್ತು ಕೆಳಗಿನ ಮುಖಕ್ಕೆ ಡ್ರಿಲ್ ಹಾಕಲು ಬಿಡಲೇಬೇಡಿ, ಗಾಡಿ ಬಗ್ಗುವಾಗ ಜಾಸ್ತಿ ಎಳೆತ ಬೀಳುವುದು ಅಲ್ಲೇ. ಹೊಸ ತೂತು ಕೊರೆದರೆ ಮಾತ್ರ ಕೂರುತ್ತದೆ ಅಂದರೆ ಆ ಸ್ಲೈಡರ್ ನಿಮ್ಮ ಗಾಡಿಯದ್ದಲ್ಲ. ಡಬ್ಬದಂಥ ಚಾಸಿಯಲ್ಲಿ ಬೋಲ್ಟ್ ಈ ಕಡೆಯಿಂದ ಆ ಕಡೆಗೆ ಹೋಗುವುದಾದರೆ ಒಳಗೆ ಒಂದು ಪೈಪ್ ತುಂಡು ಕೊಡಬೇಕು. ಇಲ್ಲದಿದ್ದರೆ ಬಿಗಿದಷ್ಟೂ ಚಾಸಿಯೇ ಒಳಗೆ ಅದುಮಿಕೊಳ್ಳುತ್ತದೆ.

ಮೊದಲು ಎಲ್ಲ ಬೋಲ್ಟನ್ನೂ ಕೈಯಲ್ಲೇ ತಿರುಗಿಸಿ ನಿಲ್ಲಿಸಿ. ಬ್ರೇಕ್ ಪೈಪ್, ಡೀಸೆಲ್ ಪೈಪ್, ವೈರಿಂಗ್ ಯಾವುದೂ ಪ್ಲೇಟಿನ ಕೆಳಗೆ ಸಿಕ್ಕಿಹಾಕಿಕೊಂಡಿಲ್ಲ ಅಂತ ಟಾರ್ಚ್ ಹಿಡಿದು ನೋಡಿ. ಬಾಗಿಲ ಕೆಳಗಿನ ತಗಡಿಗೂ ಪೈಪಿಗೂ 15ರಿಂದ 20 ಮಿ.ಮೀ. ಸಂದು ಇರಲಿ. ಆಮೇಲೆ ಟಾರ್ಕ್ ರೆಂಚಿನಲ್ಲಿ (ಎಷ್ಟು ಬಿಗಿಯಾಯಿತು ಅಂತ ತೋರಿಸುವ ಪಾನಾ) ಬಿಗಿಯಿರಿ. ಸ್ಲೈಡರ್ ಜೊತೆ ಬಂದ ಚೀಟಿಯಲ್ಲಿ ಅಳತೆ ಇದ್ದರೆ ಅದರಂತೆ. ಇಲ್ಲದಿದ್ದರೆ 8.8ರ 10 ಮಿ.ಮೀ. ಬೋಲ್ಟಿಗೆ 45ರಿಂದ 50 ನ್ಯೂಟನ್ ಮೀಟರ್, 12 ಮಿ.ಮೀ. ಬೋಲ್ಟಿಗೆ ಸುಮಾರು 80.

ಕೊನೆಗೆ ಒಂದು ಪರೀಕ್ಷೆ ಮಾಡಿಸಿ. ಕಾಲು ಸೇರುವ ಜಾಗದ ಹತ್ತಿರ ಪೈಪಿಗೆ ಜಾಕ್ ಕೊಟ್ಟು, ಚಕ್ರ ನೆಲ ಬಿಡುವಷ್ಟು ಮಾತ್ರ ಎತ್ತಿ. ಬಾಗಿಲು ಸಲೀಸಾಗಿ ತೆಗೆದು ಹಾಕಲು ಬರಬೇಕು, ಸಂದು ಮುಚ್ಚಬಾರದು. ಯಾರೂ ಅಡಿಗೆ ಹೋಗಬೇಡಿ. ಇಳಿಸಿ, 500 ಕಿ.ಮೀ. ಓಡಿಸಿದ ಮೇಲೆ ಎಲ್ಲ ಬೋಲ್ಟನ್ನೂ ಮತ್ತೆ ಬಿಗಿಯಿರಿ.

ಪ್ರಶ್ನೆ: ಶಿವಮೊಗ್ಗದಲ್ಲಿದ್ದೇವೆ. ಇಸುಜು ವಿ-ಕ್ರಾಸ್ ಪಿಕಪ್ ಇದೆ. ಅಮ್ಮನಿಗೆ ಮೊಣಕಾಲು ನೋವು, ಹತ್ತಲು ಕಷ್ಟ. ಸ್ಲೈಡರ್ ಹಾಕಿಸಿದರೆ ಸ್ಟೆಪ್ಪೂ ಆಗುತ್ತದೆ, ರಕ್ಷಣೆಯೂ ಆಗುತ್ತದೆ ಅಲ್ವಾ?

ಉತ್ತರ: ಅಮ್ಮನಿಗೋಸ್ಕರ ಅಂದರೆ ಸ್ಲೈಡರ್ ಬೇಡ. ಕಲ್ಲಿಗೆ ತಾಗಬಾರದು ಅಂತ ಅದನ್ನು ಆದಷ್ಟು ಮೇಲೆ ಕೂರಿಸುತ್ತಾರೆ. ಮೊಣಕಾಲು ನೋವಿರುವವರಿಗೆ ಬೇಕಾಗಿರುವುದು ಕೆಳಗೆ ಇಳಿದಿರುವ ಮೆಟ್ಟಿಲು. ದುಂಡು ಪೈಪಿನ ಮೇಲೆ ಒದ್ದೆ ಚಪ್ಪಲಿ ಜಾರುತ್ತದೆ ಬೇರೆ. ನೀವು ಹೆಚ್ಚಾಗಿ ಟಾರ್ ರಸ್ತೆಯಲ್ಲೇ ಓಡಿಸುವವರಾದರೆ ಕಂಪನಿಯದ್ದೇ ಹಳೆ ಫುಟ್‌ಸ್ಟೆಪ್ ಹುಡುಕಿ. ಪಾದ ಪೂರ್ತಿ ಊರುವಷ್ಟು ಅಗಲ ಇರಲಿ, ಮೇಲಿನ ರಬ್ಬರ್ ಸವೆದಿರಬಾರದು. ಎಡ ಬಲದ ಬ್ರಾಕೆಟ್ ಅಷ್ಟೂ ಇವೆಯಾ ಅಂತ ಎಣಿಸಿಕೊಳ್ಳಿ. ಹಳೆ ಮಾಲಿನಲ್ಲಿ ಕಳೆದುಹೋಗುವುದು ಅದೇ, ಬಿಡಿಯಾಗಿ ಸಿಗುವುದು ಕಷ್ಟ. ಕೊಳ್ಳುವ ಮುಂಚೆ ಒಂದು ಮಣೆ ಇಟ್ಟು ಅಮ್ಮನನ್ನು ಹತ್ತಿಸಿ ನೋಡಿ, ಯಾವ ಎತ್ತರ ಸಲೀಸು ಅಂತ ಅವರೇ ಹೇಳುತ್ತಾರೆ. ಬಾಗಿಲ ಕಂಬದ ಒಳಗಿನ ಹಿಡಿಕೆ ಅವರ ಕೈಗೆ ಎಟುಕುತ್ತದಾ ಅಂತಲೂ ನೋಡಿ. ಎಷ್ಟೋ ಸಲ ಕಷ್ಟ ಆಗುವುದು ಹಿಡಿಕೆ ಎಟುಕದೆ.

ಪ್ರಶ್ನೆ: ಇದನ್ನೆಲ್ಲ ಹಾಕಿಸಿದರೆ ಆರ್‌ಟಿಒ ತೊಂದರೆ ಕೊಡುತ್ತಾರಾ? ಇನ್ಶೂರೆನ್ಸ್ ಸಿಗುತ್ತದಾ?

ಉತ್ತರ: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಹೇಳಿದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಗಾಡಿಯ ಮುಂದೆ ಹಾಕುವ ಲೋಹದ ಕಂಬಿಯ ಗಾರ್ಡ್, ಅಂದರೆ ಬುಲ್ ಬಾರ್ ವಿರುದ್ಧ ಕೇಂದ್ರ ಸಾರಿಗೆ ಇಲಾಖೆ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ. ಹಾಗಾಗಿ ಬಿಚ್ಚಿ ತೆಗೆಯಲು ಬರುವ, ಚಕ್ರದ ಅಂಚಿನಿಂದ ಆಚೆಗೆ ಚಾಚದ ಸ್ಲೈಡರೇ ಆರಿಸಿಕೊಳ್ಳಿ. ಹಾಕಿಸುವ ಮೊದಲೇ ನಿಮ್ಮ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಇನ್ಶೂರೆನ್ಸ್ ಕಂಪನಿಗೆ ಇಮೇಲ್ ಕಳಿಸಿ, ಬರಹದಲ್ಲೇ ಉತ್ತರ ತರಿಸಿಕೊಳ್ಳಿ. ಬಾಯಿಮಾತಿಗೆ ಕ್ಲೇಮ್ ದಿನ ಬೆಲೆ ಇರುವುದಿಲ್ಲ. ಹಳೆ ಮಾಲಿಗೆ ಬಿಲ್ ಇರೋದಿಲ್ಲವಾದ್ದರಿಂದ ಮಾರಿದವರಿಂದ ಹೆಸರು, ತಾರೀಖು, ಮೊತ್ತ ಬರೆದ ಒಂದು ರಸೀದಿ ಸಹಿ ಹಾಕಿಸಿಕೊಂಡು ಗಾಡಿಯ ಕಾಗದಗಳ ಜೊತೆ ಇಡಿ.